ಕಟ್ಟೆಯ ಮೇಲೆ ನೀನು ಕುಡಿಯದ ಚಹಾ

ಅಪ್ಪಾ,

ನಮಸ್ಕಾರದಿಂದ ಶುರುಮಾಡಬೇಕು, ಗೊತ್ತು. ಇವತ್ತು ಕೈ ಬರುತ್ತಿಲ್ಲ. ನೀನು ಹೋಗಿ ಒಂದು ತಿಂಗಳು ಎರಡು ದಿನವಾಯಿತು. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ಆದ್ದರಿಂದ ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ, ಓದು.

ನಿನ್ನ ಆರಾಧನೆಯ ದಿನ ಪಡಸಾಲೆಯಲ್ಲಿ ಪಂಕ್ತಿ ಕೂತಿತ್ತು. ನಾನು ತುಪ್ಪದ ಗಿಂಡಿ ಹಿಡಿದು ನಡುವೆ ನಿಂತಿದ್ದೆ. ನಿನ್ನ ಅಣ್ಣ, ಸಿದ್ರಾಮ ದೊಡ್ಡಪ್ಪ, ಹೋಳಿಗೆ ಮುರಿಯುತ್ತ ಊರಿಗೆಲ್ಲ ಕೇಳುವಂತೆ ಹೇಳಿದರು: "ವೈರಾಗ್ಯ ಅಂದ್ರ ನಮ್ಮ ಶಾಂತಪ್ಪಂದು ನೋಡ್ರಿ. ಚಹಾದ ಅಷ್ಟು ಹುಚ್ಚಿದ್ದ ಮನಷ್ಯಾ, ಒಂದಿನ ಬಿಟ್ಟ ಅಂದ್ರ ಬಿಟ್ಟ. ಏಳು ವರ್ಷ ಮುಟ್ಟಲಿಲ್ಲ." ಪಂಕ್ತಿಯೆಲ್ಲ ತಲೆಯಾಡಿಸಿತು. ಯಾರೋ "ಪುಣ್ಯಾತ್ಮ" ಎಂದರು. ನನ್ನ ಕೈಯಲ್ಲಿದ್ದ ತುಪ್ಪ ಅವರ ಎಲೆಯ ಬದಲು ನೆಲಕ್ಕೆ ಬಿತ್ತು. ವೈರಾಗ್ಯವೇ, ಅಪ್ಪಾ? ಆ ಮಾತು ಕೇಳಿಸಿಕೊಳ್ಳಲು ನೀನು ಅಲ್ಲಿರಲಿಲ್ಲ. ಇದ್ದಿದ್ದರೆ ನೀನಾದರೂ ಬಾಯಿಬಿಡುತ್ತಿದ್ದೆಯಾ, ಅಥವಾ ಅಂದಿನ ಹಾಗೆಯೇ...

ಚಹಾ ಮಾರುವ ದಸ್ತಗೀರ ಕಾಕಾ ಮೊದಲ ಸಲ ನಮ್ಮ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಪೆಟ್ಟಿಗೆ ಇಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಕಲಬುರ್ಗಿಯ ಮೋಮಿನಪುರದಿಂದ ಬಸ್ಸಿನ ತಲೆಯ ಮೇಲೆ ಕಟ್ಟಿಸಿಕೊಂಡು ತಂದ ಪೆಟ್ಟಿಗೆ, ಒಳಗೆಲ್ಲ ಬೆಳ್ಳಿಯಂಥ ತಗಡು. ನಮ್ಮ ಕಮಲಾಪುರದಲ್ಲಿ ಆಗ ಚಹಾ ಎಂದರೆ ಪುಡಿ, ಬೆಲ್ಲ, ನೀರು ಮೂರನ್ನೂ ಕೂಡಿಸಿ ಕಷಾಯವಾಗುವ ತನಕ ಕುದಿಸುವುದು. ಅವ್ವ ಹಾಗೆಯೇ ಕುದಿಸಿ ತಂದಾಗ ಆತ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, "ತಂಗೆವ್ವಾ, ಇದನ್ನ ಯಾಕ ಇಷ್ಟು ಕುದಸ್ತೀರಿ? ಇದೇನ್ ತೊಗರಿಬ್ಯಾಳಿನಾ?" ಎಂದಿದ್ದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ಆಮೇಲೆ ಆತ ನಿನ್ನ ಅಂಗೈಯಲ್ಲಿ ಚಿಟಿಕೆ ಎಲೆ ಹಾಕಿ, ಅದರ ಮೇಲೆ ಬಾಯಿಯ ಬಿಸಿ ಉಸಿರು ಬಿಡಲು ಹೇಳಿದ. "ಈಗ ಮೂಸು, ಶಾಂತಪ್ಪಾ. ಉಸರು ತಾಗಿದ್ರ ಎಲಿ ಮಾತಾಡ್ತದ." ನೀನು ಮೂಸಿದೆ. ನಿನ್ನ ಮುಖ ಹೊಸ ಅಂಗಿ ತೊಟ್ಟ ಹುಡುಗನ ಮುಖದ ಹಾಗಾಯಿತು. ಒಂಬತ್ತು ವರ್ಷದ ನಾನೂ ಅಂಗೈ ಚಾಚಿದೆ.

ಆಮೇಲಿನ ಸೋಮವಾರಗಳು ಒಂದೊಂದೂ ನೆನಪಿವೆ. ಹಿಡಿಕೆಯಿಲ್ಲದ ಬಿಳಿ ಪಿಂಗಾಣಿ ಬಟ್ಟಲುಗಳ ಸಾಲು. ಎಲೆಯ ಮೇಲೆ ಬಿಸಿನೀರು, ಮೇಲೊಂದು ಬಸಿ ಮುಚ್ಚುವುದು, ಒಂದರಿಂದ ಇನ್ನೂರರವರೆಗೆ ಎಣಿಸುವ ಕೆಲಸ ನನ್ನದು. ಅಸ್ಸಾಮಿನ ಎಲೆಗೆ ಹುರಿದ ಜೋಳದ ವಾಸನೆ ಎಂದು ನೀನು ಹೇಳಿದೆ, ಕಾಕಾ "ಬರೋಬ್ಬರಿ" ಎಂದ. ದಾರ್ಜಿಲಿಂಗಿನದು ಹಸಿ ದ್ರಾಕ್ಷಿಯ ಸಿಪ್ಪೆ. ನೀಲಗಿರಿಯದಕ್ಕೆ ಏನು ಹೇಳಬೇಕೆಂದು ನಿನಗೆ ತಿಳಿಯದೆ "ಇದು ಮುಂಜಾನಿ" ಎಂದೆ. ಅಷ್ಟೇ, ಮುಂಜಾನಿ. ಕಾಕಾ ಎಲೆಯ ಜೊತೆ ಒಣಗಿಸಿದ ಗುಲಾಬಿ ದಳ, ಪುದೀನ, ಜಜ್ಜಿದ ಏಲಕ್ಕಿ, ನಿಂಬೆಯ ವಾಸನೆಯ ಗವತಿ ಚಹಾದ ಹುಲ್ಲು ಕೂಡಿಸಿ ಕಾಗದದ ಪುಡಿಕೆ ಕಟ್ಟಿ ತರುತ್ತಿದ್ದ. ನೀನು ಕಣ್ಣು ಮುಚ್ಚಿ ಕುಡಿದು, ಒಳಗೆ ಏನೇನಿದೆ ಎಂದು ಹೇಳಬೇಕು. ಸೊರ್ರೆಂದು ಎಳೆದು ಕುಡಿಯುವ ನಿನ್ನ ಸದ್ದಿಗೆ ಅವ್ವ ಒಳಗಿನಿಂದ "ಎಮ್ಮಿ ನೀರು ಕುಡ್ಯಾಕತ್ತದೇನು?" ಎಂದು ಕೂಗುತ್ತಿದ್ದಳು. ಒಮ್ಮೆ ನೀನೂ ಪಂಡಿತನಾಗಲು ಹೊರಟು, ನಮ್ಮೂರ ಕೆಂಪು ಬಾಳೆಹಣ್ಣಿನ ಸಿಪ್ಪೆ ಒಣಗಿಸಿ ಎಲೆಯಲ್ಲಿ ಬೆರೆಸಿ ಕುಡಿಸಿದೆಯಲ್ಲ? ಕಾಕಾ ಕಟ್ಟೆಯ ಕೆಳಗೆ ಉಗುಳಿ, "ಶಾಂತಪ್ಪಾ, ಇದು ಚಹಾ ಅಲ್ಲೋ, ದನದ ಮುಸುರಿ!" ಎಂದ. ಆ ದಿನ ನೀವಿಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕಿರಿ.

ಇನ್ನೊಂದು ಸೋಮವಾರ ನೀನು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟೆ. "ದಸ್ತಗೀರಾ, ಈ ಚಹಾ ಇಂಗಿನ ಮಗ್ಗಲದಾಗ ಮಲಗಿ ಬಂದದ." ಆತ ಮೂಸಿದ, ಕುಡಿದ, ಒಪ್ಪಲಿಲ್ಲ. ಮುಂದಿನ ವಾರ ಬಂದು ಕಿವಿ ಹಿಡಿದುಕೊಂಡ. ಹೈದರಾಬಾದಿನ ಗೋದಾಮಿನಲ್ಲಿ ಪೆಟ್ಟಿಗೆಯ ಪಕ್ಕ ಇಂಗಿನ ಚೀಲವೇ ಇತ್ತಂತೆ. ಆ ಪೆಟ್ಟಿಗೆಯ ಒಂದು ಚಿಟಿಕೆಯನ್ನೂ ಆತ ಮಾರಲಿಲ್ಲ. ಅಂದಿನಿಂದ ರೂಢಿಯಾಯಿತು: ಹೊಸ ಪೆಟ್ಟಿಗೆ ಒಡೆದರೆ ಮೊದಲ ಬಟ್ಟಲು ಕಟ್ಟೆಯ ಮೇಲೆ, ಎಲ್ಲರೆದುರು, ನಿನಗೆ. ನೀನು ಕುಡಿದು ಬಟ್ಟಲು ಬೋರಲಾಗಿ ಇಟ್ಟ ಮೇಲೆಯೇ ಮಾರಾಟ. ಸುತ್ತಲಿನ ಹಳ್ಳಿಯವರೂ "ಶಾಂತಪ್ಪ ಕುಡದನಾ?" ಎಂದು ಕೇಳಿ ಕೊಳ್ಳುತ್ತಿದ್ದರು. ನಿನ್ನ ನಾಲಿಗೆ ಆ ಮನುಷ್ಯನ ಬದುಕಿಗೆ ಸಾಕ್ಷಿಯಾಗಿತ್ತು. ಅದು ನಿನಗೆ ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡ.

ನಿಜಾಮನ ಪರವಾಗಿ ಎದ್ದ ರಜಾಕಾರರ ವರ್ಷ ಬಂತು. ಹಿಂದೂಗಳ ಮನೆಗಳು ಸುಟ್ಟವು, ಎಷ್ಟೋ ಜನ ಊರು ಬಿಟ್ಟರು. ಆಗಲೂ ದಸ್ತಗೀರ ಕಾಕಾ ಬಸ್ಸು ಇದ್ದ ವಾರವೆಲ್ಲ ಬಂದ. ಕಾಫಿರರಿಗೆ ಚಹಾ ಮಾರುತ್ತಾನೆಂದು ತನ್ನವರಿಂದ ಬೈಸಿಕೊಂಡೇ ಬಂದ. ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು, ಭಾರತದ ದಂಡು ಬಂತು, ನಿಜಾಮನ ಆಟ ಮುಗಿಯಿತು. ನಾವೆಲ್ಲ ಸಕ್ಕರೆ ಹಂಚಿದೆವು. ಹಂಚಿದ್ದು ತಪ್ಪಲ್ಲ. ಆದರೆ ಆ ಸಕ್ಕರೆ ಬಾಯಲ್ಲಿರುವಾಗಲೇ, ರಜಾಕಾರರ ಸಮವಸ್ತ್ರವನ್ನು ಮುಟ್ಟಿಯೂ ನೋಡದ ಬಡ ಮುಸಲ್ಮಾನರ ಮನೆಗಳ ಮೇಲೆ ಜನ ಬಿದ್ದರು. ಅದನ್ನು ಯಾರೂ ಪಡಸಾಲೆಯಲ್ಲಿ ಕೂತು ಹೇಳುವುದಿಲ್ಲ. ನಾನು ಉರ್ದು ಪತ್ರಿಕೆಯನ್ನೂ ಕನ್ನಡ ಪತ್ರಿಕೆಯನ್ನೂ ಓದುವವಳು. ಒಂದರಲ್ಲಿ ಒಂದು ಅರ್ಧ, ಇನ್ನೊಂದರಲ್ಲಿ ಇನ್ನೊಂದು ಅರ್ಧ. ಕಾಕಾ ಒಂದು ತಿಂಗಳು ಬರಲಿಲ್ಲ. ಬಂದಾಗ ನೀನು ಆತನನ್ನು ಅಪ್ಪಿಕೊಂಡೆ. ಹಾಗೆ ಮೂರು ವಾರ ನಡೆಯಿತು. ಆಮೇಲೆ ಒಂದು ಮನೆಯ ಕೂಸು ವಾಂತಿ ಮಾಡಿಕೊಂಡಿತು. ಸಾಬರ ಚಹಾದಲ್ಲಿ ವಿಷವಿದೆ ಎಂಬ ಮಾತು ಎರಡು ದಿನದಲ್ಲಿ ಊರು ತುಂಬಿತು.

ಆ ಕಾರ್ತಿಕ ಸೋಮವಾರ. ಮುಂಜಾನೆ ಅವ್ವ ಚಹಾ ಮಾಡಿದಳು, ಹಿಂದಿನ ವಾರ ಕಾಕಾ ಕೊಟ್ಟ ಎಲೆಯದು. ವಿಷ ಎಂದು ಊರು ಹೇಳುತ್ತಿದ್ದುದು ಅದನ್ನೇ. ನೀನು ಎರಡು ಬಟ್ಟಲು ಕುಡಿದು, "ಊರ ಮಂದಿಗಿ ತಲಿ ಇಲ್ಲ" ಎಂದು ನಕ್ಕು ಅಂಗಡಿ ತೆರೆದೆ. ಹತ್ತು ಗಂಟೆಗೆ ಕಾಕಾ ಬಂದ. ಕಟ್ಟೆಯ ಸುತ್ತ ಜನ. ಎಂದಿನಂತೆ ಹೊಸ ಪೆಟ್ಟಿಗೆ ಒಡೆದ, ಬಟ್ಟಲು ತುಂಬಿದ, ಎರಡೂ ಕೈಯಿಂದ ನಿನ್ನ ಮುಂದೆ ಹಿಡಿದ. "ತಗೋ ಶಾಂತಪ್ಪಾ. ನೀ ಕುಡದ್ರ ಈ ಮಂದಿ ಬಾಯಿ ಮುಚ್ತದ." ನೀನು ಬಟ್ಟಲು ನೋಡಿದೆ. ಜನರನ್ನು ನೋಡಿದೆ. ಸಿದ್ರಾಮ ದೊಡ್ಡಪ್ಪ ಮುಂದೆಯೇ ನಿಂತಿದ್ದರು. ನೀನು ಅಂದೆ: "ಇವತ್ತ ಸೋಮವಾರ, ನಂದು ಉಪವಾಸ ಅದ."

ಉಪವಾಸ! ನಮ್ಮ ಮನೆಯಲ್ಲಿ ಉಪವಾಸಕ್ಕೆ ಚಹಾ ನಡೆಯುತ್ತದೆಂದು ಊರಿಗೆಲ್ಲ ಗೊತ್ತು. ವರ್ಷಗಟ್ಟಲೆ ನೀನು ಸೋಮವಾರ ಉಪವಾಸವಿದ್ದೇ ಆ ಕಟ್ಟೆಯ ಮೇಲೆ ಮೊದಲ ಬಟ್ಟಲು ಕುಡಿದಿದ್ದೆ. ಕಾಕಾನಿಗಂತೂ ಅದು ಚೆನ್ನಾಗಿ ಗೊತ್ತಿತ್ತು. ಆತನ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತ್ತು. ನಾನು ಒಳಗಿನಿಂದ "ನಾ ಕುಡೀತೀನಿ, ಕೊಡ್ರಿ ಕಾಕಾ" ಎಂದು ಹೊಸ್ತಿಲು ದಾಟಿದೆ. ನೀನು ನನ್ನ ರಟ್ಟೆ ಹಿಡಿದು ಒಳಗೆ ಎಳೆದೆ. ನನ್ನ ಬಳೆ ಒಡೆದು ರಕ್ತ ಬಂತು. ಹೊರಗೆ ಯಾರೋ "ನೋಡ್ರಿ, ಶಾಂತಪ್ಪನೇ ಕುಡೀಲಿಲ್ಲ!" ಎಂದು ಕೂಗಿದ. ಆಮೇಲೆ ಪೆಟ್ಟಿಗೆ ಉರುಳಿದ ಸದ್ದು. ನಾನು ಹೊರಗೆ ಬರುವಷ್ಟರಲ್ಲಿ ಎಲೆಯೆಲ್ಲ ಗಟಾರದ ನೀರಿನಲ್ಲಿ ಅರಳುತ್ತಿತ್ತು, ಇಡೀ ಓಣಿ ಘಮಘಮ ಎನ್ನುತ್ತಿತ್ತು. ಕಾಕಾ ತನ್ನ ಬಟ್ಟಲುಗಳನ್ನು ಒಂದೊಂದಾಗಿ ಟವೆಲಿನಲ್ಲಿ ಕಟ್ಟಿಕೊಳ್ಳುತ್ತಿದ್ದ. ನಿನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಅಂದು ಸಂಜೆಯಿಂದ ನೀನು ಚಹಾ ಬಿಟ್ಟೆ. ಅವ್ವ ಎರಡು ಸಲ ತಂದಿಟ್ಟಳು, ನೀನು ಬಟ್ಟಲು ಸರಿಸಿದೆ. ಅದನ್ನು ಪಶ್ಚಾತ್ತಾಪ ಎಂದುಕೊಂಡೆಯಾ? ನಿನ್ನ ನಾಲಿಗೆಗೆ ನೀನು ಶಿಕ್ಷೆ ಕೊಟ್ಟುಕೊಂಡರೆ ಆ ಮನುಷ್ಯನಿಗೆ ಏನು ಸಿಕ್ಕಿತು? ಮೋಮಿನಪುರಕ್ಕೆ ಬಸ್ಸಿರಲಿಲ್ಲವೇ? ಊರವರು ಆತ ಪಾಕಿಸ್ತಾನಕ್ಕೆ ಹೋದನೆಂದರು. ನಿನಗೂ ಅದು ಅನುಕೂಲವಾಯಿತು. ನನ್ನನ್ನೂ ಬಿಡುವುದಿಲ್ಲ. ಮಾಸ್ತರಿಣಿಯಾಗಿ ಕಲಬುರ್ಗಿಯ ಶಹಾಬಜಾರದಲ್ಲಿ ಮನೆ ಹಿಡಿದು ಮೂರು ವರ್ಷವಾಯಿತು. ಅಲ್ಲಿಂದ ಮೋಮಿನಪುರ ನಡೆದು ಹೋಗುವ ದಾರಿ. ಹೋದೆನಾ? ಆತ ಇಲ್ಲವೆಂದು ನಂಬಿಕೊಂಡು ಆರಾಮಾಗಿ ಇದ್ದೆ.

ನಿನ್ನ ಆರಾಧನೆ ಮುಗಿಸಿ ಬಂದ ಮರುದಿನ ಹೋದೆ. ಎರಡು ಕಡೆ ಕೇಳಿದೆ, ಮೂರನೆಯ ಕಡೆ ಸಿಕ್ಕ. ಪಾಕಿಸ್ತಾನವಂತೆ! ಮಸೀದಿಯ ಹಿಂದಿನ ಓಣಿಯಲ್ಲಿ, ಯಾರದೋ ಅಂಗಡಿಯ ಒಳಕೋಣೆಯಲ್ಲಿ ಕೂತು ಎಲೆಯಲ್ಲಿನ ಕಡ್ಡಿ ಆರಿಸುತ್ತಿದ್ದ. ಗಡ್ಡ ಪೂರ್ತಿ ಬಿಳಿ. ನನ್ನ ಗುರುತು ಹತ್ತಲಿಲ್ಲ. ನಾನು ಅಂಗೈಯಲ್ಲಿ ಎಲೆ ತೆಗೆದುಕೊಂಡು ಉಸಿರು ಬಿಟ್ಟಾಗ ತಲೆಯೆತ್ತಿದ.

"ಅರೇ, ಶಾಂತಪ್ಪನ ಮಗಳು! ಇನ್ನೂರರ ತನಕ ಎಣಸಾಕಿ!"

ನೀನು ಹೋದ ಸುದ್ದಿ ಹೇಳಿದೆ. ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟ. ಆಮೇಲೆ ಕೇಳಿದ, "ಕಡೀಕಡೀಕ ಯಾವ ಎಲಿ ಕುಡೀತಿದ್ದ?"

ಯಾವುದೂ ಇಲ್ಲ, ಅಂದಿನಿಂದ ಮುಟ್ಟಲಿಲ್ಲ ಎಂದೆ. ಆತನ ಕಣ್ಣು ತುಂಬಬಹುದು, ಪಾಪ ಎನ್ನಬಹುದು ಎಂದುಕೊಂಡಿದ್ದೆ. ಆತ ಮುಂದಿದ್ದ ಮೊರವನ್ನು ತಳ್ಳಿಬಿಟ್ಟ.

"ಏಳು ವರ್ಷ? ಅಂಥಾ ಜಬಾನ್, ಅಂಥಾ ನಾಲಿಗಿ ಏಳು ವರ್ಷ ಸುಮ್ಮ ಇಟ್ಟನಾ, ಹುಚ್ಚಸೂಳೀಮಗ! ನಾ ಕೇಳಿದ್ನೇನು ಚಹಾ ಬಿಡು ಅಂತ? ನಂಗ ಬೇಕಾಗಿದ್ದು ಒಂದ ಮಾತು. 'ಮುಂಜಾನಿ ನಾ ಕುಡದೀನಿ, ನಂಗೇನೂ ಆಗಿಲ್ಲ.' ಅಷ್ಟ. ಅಷ್ಟೂ ಹೇಳಲಿಲ್ಲವ್ವಾ. ಕಮಲಾಪುರದ ವ್ಯಾಪಾರ ಒಂದ ಹೋಗಲಿಲ್ಲ ನಂದು. ಶಾಂತಪ್ಪ ಕುಡೀಲಿಲ್ಲ ಅನ್ನೋ ಮಾತು ನನಕಿಂತ ಮೊದಲ ಎಲ್ಲಾ ಊರಿಗಿ ಹೋಗಿತ್ತು."

"ನನ್ನ ಜೊತಿ ಬರ್ರಿ ಕಾಕಾ, ಊರಿಗಿ."

"ನಾ ಯಾಕ ಬರ್ಲಿ? ನಾ ಏನ್ ತಪ್ಪ ಮಾಡೀನಿ? ನೀ ಹೇಳು. ನಿನ್ನ ಬಾಯಿ ಅದಲ್ಲ?"

ಬೈದ ಮೇಲೆ ಎದ್ದು ಹೋಗಿ ನನಗೆ ಚಹಾ ಮಾಡಿ ತಂದ. ತಿಳಿಯಾದ ನೀಲಗಿರಿ, ಎರಡು ಗುಲಾಬಿ ದಳ. ನಾನು ತುಟಿಗಷ್ಟೇ ಮುಟ್ಟಿಸಿದೆ. "ಸೊರ್ ಅಂತ ಎಳಿ. ಅಪ್ಪನಂಗ," ಎಂದ.

ಮೊನ್ನೆ ನಿನ್ನ ತಿಂಗಳ ಪೂಜೆ. ಅದೇ ಪಡಸಾಲೆ, ಅದೇ ಜನ. ಹೈದರಾಬಾದ್ ಸಂಸ್ಥಾನ ಒಡೆಯುತ್ತದೆ, ನಾವು ಕನ್ನಡ ನಾಡಿಗೆ ಸೇರುತ್ತೇವೆ ಎಂದು ದೊಡ್ಡಪ್ಪ ಜೋರಾಗಿ ಹೇಳುತ್ತಿದ್ದರು. ಅಲ್ಲಿಂದ ಮಾತು ಮತ್ತೆ ನಿನ್ನ ವೈರಾಗ್ಯಕ್ಕೆ ತಿರುಗಿತು. ನಾನು ನಡುವೆ ನಿಂತು ಹೇಳಿದೆ: "ನಮ್ಮಪ್ಪ ವೈರಾಗ್ಯದಿಂದ ಚಹಾ ಬಿಡಲಿಲ್ಲ. ಆ ಸೋಮವಾರ ಮುಂಜಾನಿ ದಸ್ತಗೀರ ಕಾಕಾನ ಚಹಾ ಎರಡು ಬಟ್ಟಲ ಕುಡದು, ಕಟ್ಟಿ ಮ್ಯಾಲ ನಿಮಗ ಅಂಜಿ ಸುಳ್ಳ ಹೇಳಿದ."

ದೊಡ್ಡಪ್ಪ ಎದ್ದು ನಿಂತರು. "ನಾಕು ಅಕ್ಷರ ಕಲತು ಅಪ್ಪನ ಮಾನ ಕಳೀತೀಯೇನು? ಸತ್ತವ್ರ ಮನ್ಯಾಗ..."

ಒಳಬಾಗಿಲಲ್ಲಿ ಅವ್ವನ ದನಿ ಕೇಳಿತು. ತಿಂಗಳಿಂದ ಮಾತೇ ಆಡದವಳು. "ಎರಡಲ್ಲ, ಭಾವಾ. ಮೂರು ಕುಡದಿದ್ರು. ನಾನೇ ಮಾಡಿಕೊಟ್ಟೀನಿ."

ದೊಡ್ಡಪ್ಪ ತಲೆ ತಗ್ಗಿಸಿದರು. ಆಗ ಮೂಲೆಯಲ್ಲಿದ್ದ ಎದುರುಮನೆಯ ಗುರುಬಸವ್ವಜ್ಜಿ, ನಿನಗೂ ಬೈಯುತ್ತಿದ್ದವಳು, ಕೋಲು ನೆಲಕ್ಕೆ ಕುಟ್ಟಿದಳು. "ನಾನೂ ಅವತ್ತ ಅದನ್ನೇ ಕುಡದ ಬಂದಿದ್ದೆ. ಏ ಸಿದ್ರಾಮಾ, ನೀ ಯಾಕ ನೆಲಾ ನೋಡ್ತಿ? ನಿನ್ನ ಹೆಂಡತಿ ಹಿಂದಿನ ದಿನ ನಮ್ಮನಿಗಿ ಬಂದು ಸಾಬನ ಎಲಿ ಒಂದ್ ಮುಷ್ಟಿ ಕೈಗಡ ಒಯ್ದಿದ್ದಿಲ್ಲಾ?" ದೊಡ್ಡಪ್ಪ ಕೂತರು. ಹಿತ್ತಲಿಂದ ಯಾರೋ ಹೆಂಗಸು "ನಮ್ಮನ್ಯಾಗೂ" ಎಂದಳು. ಇನ್ನೊಬ್ಬಳು. ಆಮೇಲೆ ಕಂಬಕ್ಕೆ ಒರಗಿದ್ದ ನೇಕಾರ ಭೀಮಣ್ಣ, ಅವನೂ.

ಇದು ನಿನಗೆ ತಲುಪದ ಸುದ್ದಿ, ಅಪ್ಪಾ. ಅಂದು ನಿನ್ನ ಸುತ್ತ ನಿಂತಿದ್ದವರಲ್ಲಿ ಎಷ್ಟೋ ಜನ ಅದೇ ಎಲೆಯ ಚಹಾ ಕುಡಿದೇ ಬಂದಿದ್ದರು. ಅವರಲ್ಲಿ ಒಬ್ಬರಿಗೂ ಅದು ವಿಷವೆಂಬ ನಂಬಿಕೆ ಇರಲಿಲ್ಲ. ಒಬ್ಬೊಬ್ಬರೂ ಪಕ್ಕದವನಿಗೆ ಹೆದರಿ ನಿಂತಿದ್ದರು, ನೀನು ಬಟ್ಟಲು ತೆಗೆದುಕೊಳ್ಳಲೆಂದು ಕಾಯುತ್ತಿದ್ದರು. ನೀನು ಯಾರಿಗೆ ಹೆದರಿದೆಯೋ ಅವರೆಲ್ಲ ನಿನ್ನ ಕಡೆಗೇ ಇದ್ದರು.