ಹುಣ್ಣಿಮೆಯ ದಿನ ಕೋರ್ಟಿಗೆ ರಜೆ

ಕ್ಯಾಂಡಿ, ಶ್ರೀಲಂಕಾ
ಗುರುವಾರ, 6-11-2025

ದೊಡ್ಡಬಳ್ಳಾಪುರದಲ್ಲಿರುವ ನಮ್ಮ ಯಜಮಾನರು ಪಾಪಯ್ಯನವರಿಗೆ ಗಂಗಲಕ್ಷ್ಮಮ್ಮ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀವೂ ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬಿ.ಪಿ. ಮಾತ್ರೆ ನುಂಗುತ್ತಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿಗೆ ಬಂದು ಹದಿನೆಂಟು ದಿನವಾದರೂ ನಾನು ಒಂದು ಸಲವೂ ಮಾತಾಡಲಿಲ್ಲ ಎಂದು ಕುಮಾರನ ಮೇಲೆ ಕೂಗಾಡಿದಿರಂತೆ. ತಡವಾಯಿತು, ತಪ್ಪು ನನ್ನದೇ. ಫೋನಿನಲ್ಲಾದರೆ ನಾನು ಎರಡು ಮಾತು ಆಡುವಷ್ಟರಲ್ಲಿ "ಸರಿ ಸರಿ, ಇಡು" ಎನ್ನುತ್ತೀರಿ. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲ. ಯಾತ್ರೆಗೆ ಬಂದ ಹೊಸಕೋಟೆಯ ಅಪ್ಪಯ್ಯಣ್ಣನವರು ನಮ್ಮ ಲಾಡ್ಜಿನಲ್ಲೇ ಇಳಿದಿದ್ದಾರೆ. ಭಾನುವಾರ ಸಂಜೆ ಇದನ್ನು ನಿಮ್ಮ ಕೈಗೇ ಕೊಡುತ್ತೇನೆ ಎಂದಿದ್ದಾರೆ.

ಮೊದಲು ಒಳ್ಳೆಯ ಸುದ್ದಿ. ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಕೋರ್ಟಿನ ಕಾಗದ ಕೈಗೆ ಬಂತು. ನಮ್ಮ ನರೇಶನ ಮಗಳು ಅರ್ಪಿತ ಇನ್ನು ಮೇಲೆ ಅವಳ ದೊಡ್ಡಪ್ಪ ಕುಮಾರನಿಗೂ ವಾಣಿಗೂ ಮಗಳು. ಹನ್ನೊಂದು ವರ್ಷದಿಂದ ಮಕ್ಕಳಿಲ್ಲ ಎಂದು ಕಂಡಕಂಡವರ ಬಾಯಿಗೆ ಬಿದ್ದಿದ್ದ ವಾಣಿ, ಕೋರ್ಟಿನ ಮೆಟ್ಟಿಲ ಮೇಲೇ ಕೂತು ಅತ್ತುಬಿಟ್ಟಳು.

ಈ ಕಾಗದ ನಿನ್ನೆಯೇ ಸಿಗುತ್ತದೆ ಎಂದು ಹೋಗಿದ್ದೆವು. ವಕೀಲರು ಈ ವಾರ ಯಾವತ್ತು ಬೇಕಾದರೂ ಹೋಗಿ ಎಂದಿದ್ದರು. ನೀವು ತಾನೆ ಪಂಚಾಂಗ ತೆಗೆದು, "ಕಾರ್ತೀಕ ಹುಣ್ಣಿಮೆ ದಿವ್ಸಾನೇ ಇಸ್ಕೊಳ್ಳಿ, ಬೇರೆ ದಿನ ಬ್ಯಾಡ" ಎಂದು ಹಟ ಹಿಡಿದದ್ದು? ಹೋಗಿ ನೋಡಿದರೆ ಕೋರ್ಟಿನ ಗೇಟಿಗೆ ಬೀಗ. ಈ ದೇಶದಲ್ಲಿ ಪ್ರತಿ ಹುಣ್ಣಿಮೆಗೂ ಸರ್ಕಾರಿ ರಜೆಯಂತೆ. ಕಾವಲುಗಾರ ನಮ್ಮನ್ನು ನೋಡಿ ನಕ್ಕ.

ಸಿಕ್ಕಿದ ದಿನ ಊರಾದರೂ ನೋಡೋಣ ಎಂದು ಹೊರಟೆವು. ನಾವು ಮೂವರು, ಮಗು, ಜೊತೆಗೆ ಪರಮೇಶ್ವರಿ. ಅವಳು ನರೇಶ ಬಾಡಿಗೆಗಿದ್ದ ಮನೆಯ ಒಡತಿ, ತಮಿಳಿನವಳು. ಹೋದ ವರ್ಷ ಬಸ್ಸಿನ ಅಪಘಾತದಲ್ಲಿ ನರೇಶನೂ ಅವನ ಹೆಂಡತಿ ನಿಲೂಕಾಳೂ ತೀರಿಕೊಂಡ ಮೇಲೆ ಮಗುವನ್ನು ಸಾಕಿದವಳು ಆ ಪುಣ್ಯಾತ್ಗಿತ್ತಿಯೇ. ಕಂಚಿಯ ರೇಷ್ಮೆ ವ್ಯಾಪಾರಿಗಳ ಜೊತೆ ಮಾತಾಡಿ ಕಲಿತ ನನ್ನ ಹರಕು ತಮಿಳು ಕೊನೆಗೂ ಉಪಯೋಗಕ್ಕೆ ಬಂತು.

ಎಲ್ಲಿ ನೋಡಿದರೂ ಬಿಳಿ ಬಟ್ಟೆಯ ಜನ. ಯಾರೋ ದೊಡ್ಡವರು ಹೋಗಿಬಿಟ್ಟಿದ್ದಾರೆ ಎಂದೇ ನಾನು ತಿಳಿದೆ. ಆಮೇಲೆ ಗೊತ್ತಾಯಿತು, ಹುಣ್ಣಿಮೆಗೆ ಇಲ್ಲಿಯವರು ಬಿಳಿ ಉಟ್ಟುಕೊಂಡು ಬುದ್ಧನ ದರ್ಶನಕ್ಕೆ ಹೋಗುತ್ತಾರೆ. ಅವರ ನಡುವೆ ನಮ್ಮ ವಾಣಿ ದೊಡ್ಡ ಜರಿಯಂಚಿನ ಕೆಂಪು ಸೀರೆಯಲ್ಲಿ! ಮದುಮಗಳು ಎಂದುಕೊಂಡು ಇಬ್ಬರು ಫೋಟೋ ಬೇರೆ ತೆಗೆಸಿಕೊಂಡರು. ಬುದ್ಧನ ಹಲ್ಲು ಇಟ್ಟಿರುವ ದೇವಸ್ಥಾನ ನೋಡಿದೆವು, ನೀಲಿ ನೈದಿಲೆ ಕೊಟ್ಟು ಕೈ ಮುಗಿದೆವು, ಕೆರೆಯಲ್ಲಿ ದೋಣಿ ಹತ್ತಿದೆವು. ಮಗುವಿನ ಬಲೂನಿನ ದಾರ ಕಿತ್ತುಹೋಯಿತು. ನಾಲ್ಕೂವರೆ ವರ್ಷದ ಕೂಸು, ಎರಡು ತುದಿ ಸೇರಿಸಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ, ಮಗ್ಗದಲ್ಲಿ ಕಿತ್ತ ಎಳೆಗೆ ನಾವು ಹಾಕುವ ಗಂಟನ್ನೇ ಹಾಕಿಬಿಟ್ಟಿತು! "ಅಪ್ಪ ಹೇಳ್ಕೊಟ್ಟಿದ್ದು ಅಜ್ಜಿ" ಎಂದಳು. ಕುಮಾರ ಆ ಕಡೆ ತಿರುಗಿ ನಿಂತ.

ಮಧ್ಯಾಹ್ನ ದೊಡ್ಡ ತೋಟವೊಂದರಲ್ಲಿ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ನಾನು ಮಗುವಿಗೆ ಮೊಸರನ್ನ ತಿನ್ನಿಸುತ್ತಿದ್ದೆ. ಪರಮೇಶ್ವರಿ ಸುಮಾರು ಹೊತ್ತು ನೋಡುತ್ತಿದ್ದು, "ತಪ್ಪು ತಿಳ್ಕೋಬೇಡೀಮ್ಮ. ಇಷ್ಟೊಂದು ಪ್ರೀತಿ ಇಟ್ಕೊಂಡೋರು, ಅವತ್ತು ಮಗನ ಮುಖ ಯಾಕೆ ನೋಡ್ಲಿಲ್ಲ?" ಎಂದಳು.

ಅವತ್ತು ಅಂದರೆ ಯಾವತ್ತು ಎಂದು ನಿಮಗೆ ಗೊತ್ತು. ಮಗುವಿಗೆ ವರ್ಷ ತುಂಬಿದಾಗ ಹೆಂಡತಿ, ಮಗುವನ್ನು ಕರೆದುಕೊಂಡು ನರೇಶ ವಿಮಾನದಲ್ಲಿ ಬಂದು ನಮ್ಮ ಬಾಗಿಲಲ್ಲಿ ನಿಂತ ದಿನ. ನೀವು ಹೊಸಿಲು ದಾಟದೆ ಅವನಿಗೆ ಏನೆಂದಿರಿ ಎಂಬುದನ್ನು ಅವನು ಪರಮೇಶ್ವರಿಗೆ ಹೇಳಿದ್ದಾನೆ. "ನಿಮ್ಮಮ್ಮ ಒಳಗವ್ಳೆ ಕಣೋ. ತಾನು ಸತ್ರೂ ನೀನು ಬರ್ಕೂಡ್ದು ಅಂದವ್ಳೆ. ನಡಿ." ವಾಪಸು ಬಂದವನು ಎರಡು ದಿನ ಅನ್ನ ಮುಟ್ಟಲಿಲ್ಲವಂತೆ. "ಅಪ್ಪ ಬೈದಿದ್ರೆ ತಡ್ಕೋತಿದ್ದೆ ಅಕ್ಕಾ, ಅಮ್ಮ ಹಿಂಗಂದ್ಲಲ್ಲ" ಎಂದನಂತೆ.

ರೀ, ಬೇರೆ ದೇಶದ ಹುಡುಗಿಯನ್ನು ಕಟ್ಟಿಕೊಂಡ ಎಂದು ನಿಮಗೆ ಸಿಟ್ಟಿದ್ದರೆ ನಿಮ್ಮ ಬಾಯಲ್ಲೇ ಆಡಬೇಕಿತ್ತು. ನನ್ನ ಬಾಯಿ ಯಾಕೆ ಬಳಸಿಕೊಂಡಿರಿ? ನನ್ನ ಮಗ ನಾನಾಡದ ಮಾತನ್ನು ಹೊತ್ತುಕೊಂಡು ಸತ್ತ. ನಿನ್ನೆಯಿಂದ ನನಗೆ ಅಳು ಬರುತ್ತಿಲ್ಲ, ಮೈಯೆಲ್ಲ ಉರಿಯುತ್ತಿದೆ. ನಿಮ್ಮನ್ನು ಕ್ಷಮಿಸುವುದಿಲ್ಲ ಎಂದು ಬರೆದು ಸುಮ್ಮನಾಗುವವಳೂ ನಾನಲ್ಲ.

ಶಿಲ್ಪಳ ಮದುವೆಯ ಕಾರ್ಡು ನೆನಪಿದೆಯೇ? ಕೆಳಗೆ ಮನೆಯವರ ಹೆಸರು ಬರೆಯುವ ಕಡೆ ಅವಳ ಅಣ್ಣ ನರೇಶನ ಹೆಸರನ್ನು ನೀವೇ ಪೆನ್ನಿನಿಂದ ಹೊಡೆದು ಹಾಕಿದಿರಿ. ಅವನು ಬದುಕಿದ್ದಾಗಲೇ ನಮ್ಮ ಬೀದಿಯ ಪಾಲಿಗೆ ಇಲ್ಲವಾದ. ಈಗ ಮಗುವಿಗೂ ಅದನ್ನೇ ಮಾಡಲು ಹೊರಟಿರಿ. "ಕರ್ಕೊಂಡು ಬನ್ನಿ, ನರೇಶನ ಮಗು ಅಂತ ಮಾತ್ರ ಬಾಯಿ ಬಿಡ್ಬೇಡಿ. ಆಶ್ರಮದಿಂದ ತಂದ್ವಿ ಅನ್ನಿ" ಎಂದು ಕುಮಾರನಿಗೆ ತಾಕೀತು ಮಾಡಿದಿರಲ್ಲ, ಅದೂ ನನಗೆ ನಿನ್ನೆಯೇ ಅವನಿಂದ ಗೊತ್ತಾಯಿತು.

ನಿನ್ನೆ ಸಂಜೆ ಶಿಲ್ಪಳಿಗೆ ಫೋನು ಮಾಡಿ ಒಂದು ಕಾರ್ಡು ಬರೆಸಿದೆ. ನಮ್ಮ ಅಳಿಯ ಭಾನುಪ್ರಕಾಶನ ಪ್ರೆಸ್ಸಿನಲ್ಲಿ ಇವತ್ತು ಅಚ್ಚಾಗುತ್ತಿದೆ. "ದಿವಂಗತ ನರೇಶ್ ಮತ್ತು ದಿವಂಗತ ನಿಲೂಕಾ ದಂಪತಿಗಳ ಪುತ್ರಿ ಅರ್ಪಿತಳನ್ನು ದತ್ತು ಪಡೆದ ಸಂತೋಷಕ್ಕೆ 16ರ ಭಾನುವಾರ ನೆಲಮಂಗಲದ ಕುಮಾರನ ಮನೆಗೆ ಊಟಕ್ಕೆ ಬನ್ನಿ." ಕೆಳಗೆ, ಕರೆಯುವವರು: ಕುಮಾರ್, ವಾಣಿ, ಶಿಲ್ಪ, ಭಾನುಪ್ರಕಾಶ್. ಅಳಿಯ ತಡವರಿಸಿದ. "ಅತ್ತೆ, ಮಾವನ ಹೆಸರು ಬಿಟ್ಟೋಗೈತೆ" ಎಂದ. "ಬಿಟ್ಟೋಗಿಲ್ಲ ಕಣಪ್ಪ, ನಾನೇ ಬಿಟ್ಟಿದೀನಿ" ಎಂದೆ.

ಈ ಭಾನುವಾರ ಬೆಳಿಗ್ಗೆಯೇ ಶಿಲ್ಪ ನಮ್ಮ ಬೀದಿಯ ಪ್ರತಿಯೊಂದು ಮಗ್ಗದ ಮನೆಗೂ ಅರಿಶಿನ ಕುಂಕುಮ ಇಟ್ಟು ಕಾರ್ಡು ಕೊಟ್ಟಿರುತ್ತಾಳೆ. ಒಂದು ಮನೆ ಬಿಟ್ಟು. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ "ಏನ್ ಪಾಪಯ್ಯ, ಮೊಮ್ಮಗಳ ಕಾರ್ಡಲ್ಲಿ ನಿನ್ ಹೆಸ್ರೇ ಇಲ್ವಲ್ಲ?" ಎಂದು ಟೀ ಅಂಗಡಿಯಲ್ಲಿ ಯಾರಾದರೂ ಕೇಳಿಯೇ ಇರುತ್ತಾರೆ. ಏನು ಉತ್ತರ ಕೊಟ್ಟಿರೋ, ನನಗೂ ಕೇಳುವ ಆಸೆ.

ನಾನು ನೆಲಮಂಗಲದಲ್ಲಿ ಮಗುವಿನ ಜೊತೆಯೇ ಇರುತ್ತೇನೆ. ದೊಡ್ಡಬಳ್ಳಾಪುರಕ್ಕೆ ಬರುವುದಿಲ್ಲ. ನೀವು ಬೇಕಾದರೆ ಬನ್ನಿ, ಬಸ್ಸು ಬೇಕಾದಷ್ಟಿವೆ. ಬಾಗಿಲಿಗೆ ನಾನೇ ಬರುತ್ತೇನೆ. ಒಳಗಿರುವವರು ಏನಂದರು ಎಂದು ನಾನೇ ನಿಮಗೆ ಹೇಳುತ್ತೇನೆ.

ದೇವರು ನಿಮಗೆ ನೂರು ವರ್ಷ ಆಯಸ್ಸು ಕೊಡಲಿ. ಕಿವಿ ಮಾತ್ರ ಕೊನೆಯವರೆಗೂ ಚುರುಕಾಗಿರಲಿ, ಬೀದಿಯವರು ಕೇಳುವುದೆಲ್ಲ ಚೆನ್ನಾಗಿ ಕೇಳಿಸಲಿ. ಮಾತ್ರೆ ಮರೆಯಬೇಡಿ.

ಇಂತಿ,
ನರೇಶನ ತಾಯಿ
ಗಂಗಲಕ್ಷ್ಮಮ್ಮ

ತಾ.ಕ. ಕಾರ್ಡಿನಲ್ಲಿ ನನ್ನ ಹೆಸರೂ ಇಲ್ಲ. ಯಾಕಮ್ಮ ಎಂದು ಶಿಲ್ಪ ಕೇಳಿದಳು, ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಅವತ್ತು ನಾಲ್ಕು ಮಗ್ಗವೂ ಓಡುತ್ತಿದ್ದವು, ನನಗೇನೂ ಕೇಳಿಸಿರಲಾರದು ಎಂದು ನೀವು ಇಷ್ಟು ವರ್ಷ ನೆಮ್ಮದಿಯಾಗಿದ್ದಿರಿ. ಕೇಳಿಸಿತ್ತು. ನಿಮ್ಮ ಮಾತಲ್ಲ, ಅವನ ಕೂಗು. "ಅಮ್ಮಾ" ಎಂದು ಎರಡು ಸಲ ಕೂಗಿದ. ಮಗ್ಗದ ಸ್ವಿಚ್ಚು ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ನೀವು ಬಂದು ಕರೆಯುತ್ತೀರಿ, ಆಮೇಲೆ ಹೋದರಾಯಿತು ಎಂದು ಕಾದೆ. ನೀವು ಒಳಗೆ ಬಂದು "ಹೊತ್ತಾಯ್ತು, ಬಡ್ಸು" ಎಂದಿರಿ. ನಾನು ಕೈ ತೊಳೆದುಕೊಂಡು ಬಡಿಸಿದೆ.