ಬಡಿದು ನೋಡಿದ ಬಾಗಿಲು

ಅಪ್ಪಾ,

ಮೂವತ್ತು ವರ್ಷ ಗ್ಯಾರೇಜಿನಲ್ಲಿ ಗುದ್ದಿಸಿಕೊಂಡ ಕಾರುಗಳ ತಗ್ಗು ಬಡಿದು ಸರಿಮಾಡಿದವರು ನೀವು. ನನ್ನ ಪುಟ್ಟ ಕಾರನ್ನು ನೋಡಿದ್ದರೆ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದು, "ಇದೇನೇ, ಬಿಸ್ಕತ್ತಿನ ಡಬ್ಬ!" ಎಂದು ನಗುತ್ತಿದ್ದಿರಿ. ಹಗುರವಾಗಿದೆ, ಸಂದಿಗೊಂದಿಯಲ್ಲೂ ನುಗ್ಗುತ್ತದೆ. ನನಗಂತೂ ಅದರ ಮೇಲೆ ಪ್ರಾಣ.

ನಿನ್ನೆ ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ದೀಪದ ಕಂಬಕ್ಕೆ ಗುದ್ದಿದೆ. ಕಾರಿನ ಮೂತಿ ಅಪ್ಪಚ್ಚಿ. ನನಗೆ ಬೆಲ್ಟ್ ಒತ್ತಿದ ಗೆರೆಯೊಂದು ಬಿಟ್ಟರೆ ಏನೂ ಆಗಲಿಲ್ಲ. ಇದು ಹೇಗೆ ಸಾಧ್ಯ ಎಂದು ಮೆಕ್ಯಾನಿಕ್ಕನ ಬೆನ್ನು ಬಿದ್ದೆ.

ಅವನು ಮುದುಡಿದ ತಗಡನ್ನು ಮುಟ್ಟಿ ತೋರಿಸಿದ. "ಇಲ್ಲಿ ಬೇಕಂತಲೇ ಮಡಚೋ ಹಾಗೆ ಮಾಡಿರ್ತಾರೆ ಅಕ್ಕಾ. ಏಟೆಲ್ಲ ಇದೇ ತಿನ್ನುತ್ತೆ. ನೀವು ಕೂರೋ ಗೂಡು ಮಾತ್ರ ಗಟ್ಟಿ. ಹಳೇ ಕಾರು ಜಗ್ಗಲ್ಲ, ಏಟು ಒಳಗೆ ಕೂತೋರಿಗೇ." ಆಮೇಲೆ ನಕ್ಕ. "ಹಾಗಂತ ಲಾರಿಗೆ ಗುದ್ದೋಕೆ ಹೋಗ್ಬೇಡಿ ಮತ್ತೆ!"

ನಾನೂ ನಕ್ಕೆ. ನಿಮ್ಮ ವಿಷಯ ಹೇಳಲಿಲ್ಲ.

ನಿಮ್ಮ ಹಳೇ ಕಾರು ಮರಕ್ಕೆ ಗುದ್ದಿದ ದಿನ, ಆಸ್ಪತ್ರೆಯಿಂದ ಒಬ್ಬಳೇ ಮರಳಿ ಬಂದು, ಅದರ ಬಾಗಿಲನ್ನು ನಾನೂ ಗೆಣ್ಣಿನಿಂದ ಬಡಿದು ನೋಡಿದ್ದೆ ಅಪ್ಪಾ. ನೀವು ಹೇಳುತ್ತಿದ್ದಂತೆ ಗಟ್ಟಿಯಾಗಿಯೇ ಇತ್ತು.