ದಾಸವಾಳದ ಬುಡಕ್ಕೆ ಸುರಿದ ಕಷಾಯ

ಅತ್ತೆಗೆ, ಬಿಂಡಿಗನವಿಲೆಯಿಂದ ನಿಮ್ಮ ಸೊಸೆ ಮಾಡುವ ನಮಸ್ಕಾರ.

ನೀವು ಹೋಗಿ ಎರಡು ವರ್ಷವಾಯಿತು. ನಿಮ್ಮೆದುರು ನಿಂತು ಹೇಳಲಾಗದ ಒಂದು ಮಾತನ್ನು ಈಗ ಬರೆಯುತ್ತಿದ್ದೇನೆ. ನಿಮಗೆ ಓದಲು ಬರುತ್ತಿರಲಿಲ್ಲ, ಗೊತ್ತು. ಆದರೆ ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದಿರಲ್ಲ, ಇದನ್ನೂ ಹಾಗೇ ತಿಳಿದುಕೊಳ್ಳಿ.

ಕೊರೊನಾ ಬಂದ ವರ್ಷ ನೆನಪಿದೆಯಾ? ಹಿತ್ತಲ ಬೇವಿನ ಮರಕ್ಕೆ ಹಬ್ಬಿದ್ದ ನಿಮ್ಮ ಅಮೃತಬಳ್ಳಿಗೆ ಹೊಣಕೆರೆಯಿಂದಲೂ ಜನ ಬರುತ್ತಿದ್ದರು. ಬೇವಿಗೆ ಹಬ್ಬಿದ್ದೇ ಶ್ರೇಷ್ಠ ಅಂತ ನಿಮಗೆ ಒಂದು ಹೆಮ್ಮೆ. ಕಾಂಡ ಜಜ್ಜಿ, ಮೆಣಸು ಜೀರಿಗೆ ಹಾಕಿ ಕುದಿಸಿ, ನಿಮ್ಮ ಮಗನಿಗೆ ಅರ್ಧ ಲೋಟ, ನನಗೆ ತುಂಬಿದ ಲೋಟ. "ಕುಡ್ದ್ಬುಡು ಮಗಾ, ಮಕ ಕಿವುಚ್ಬೇಡ. ಇದ್ರ ಮುಂದೆ ಯಾವ ಕಾಯ್ಲೆ ನಿಂತಾದು?" ಥೈರಾಯ್ಡಿನ ಸೊಸೆ, ಬಡಕಲು ಸೊಸೆ, ಅವಳಿಗೇ ಹೆಚ್ಚು. ಅಂಥ ಪ್ರೀತಿಯನ್ನು ಬೇಡ ಅನ್ನುವುದು ಹೇಗೆ? ತಿಂಗಳುಗಟ್ಟಲೆ ಕುಡಿದೆ.

ನನ್ನ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವರೂ ನೀವೇ. ಆಸ್ಪತ್ರೆಯಲ್ಲಿ ಡಾಕ್ಟರು, "ಥೈರಾಯ್ಡ್ ಮಾತ್ರೆ ಬಿಟ್ಟು ಬೇರೆ ಏನಾದರೂ ಔಷಧಿ ತಗೋತಿದ್ದೀರಾ?" ಅಂದರು. ನಾನು ಇಲ್ಲ ಅಂದೆ. ಪಕ್ಕದಲ್ಲಿದ್ದ ನೀವೂ, "ಏನೂ ಇಲ್ಲ ಕಣಪ್ಪ" ಅಂದಿರಿ. ನಾವೇನು ಸುಳ್ಳು ಹೇಳಿದೆವಾ? ಕಷಾಯವನ್ನು ಔಷಧಿ ಅಂತ ನಮ್ಮ ಮನೆಯಲ್ಲಿ ಯಾರು ಎಣಿಸಿದ್ದರು? ಅದು ಸಾರು ಮಜ್ಜಿಗೆಯ ಸಾಲಿನದು. ವಾರ್ಡಿಗೆ ಸೇರಿಸಿದ ಮೇಲೂ ಬಾಟಲಿಯಲ್ಲಿ ತುಂಬಿ ತಂದು ಕುಡಿಸಿದಿರಿ. ಕಾಮಾಲೆ ಇಳಿಯಲೇ ಇಲ್ಲ.

ನೀವು ಕಾಫಿಗೆ ಹೋಗಿದ್ದಾಗ ನರ್ಸಮ್ಮ ಆ ಬಾಟಲಿ ಎತ್ತಿ ಮೂಸಿ, ಏನಿದು ಅಂತ ನನ್ನಿಂದಲೇ ಕೇಳಿ ತಿಳಿದು, ಡಾಕ್ಟರನ್ನು ಕರೆತಂದರು. ಅವರು ಬೈಯಲಿಲ್ಲ ಅತ್ತೆ, ಸ್ಟೂಲ್ ಎಳೆದುಕೊಂಡು ಕೂತು ವಿವರಿಸಿದರು. ಬಳ್ಳಿಯ ಬಗ್ಗೆ ಪ್ರಯೋಗಾಲಯಗಳಲ್ಲಿ ಒಳ್ಳೆಯ ಸೂಚನೆಗಳು ಸಿಕ್ಕಿವೆಯಂತೆ. ಆದರೆ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಸಣ್ಣವು, ಇಂಥ ಕಾಯಿಲೆ ವಾಸಿಯಾಗುತ್ತದೆ ಅಂತ ಗಟ್ಟಿಯಾಗಿ ಹೇಳಲು ಅಷ್ಟು ಸಾಲದು. ಬಹಳ ಜನಕ್ಕೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ, ಅದರಲ್ಲೂ ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬಿದ್ದಿರುವ ನನ್ನಂಥ ಥೈರಾಯ್ಡಿನವರಿಗೆ, ಅದು ಆ ಶಕ್ತಿಯನ್ನು ಇನ್ನಷ್ಟು ಕೆರಳಿಸಿ ಲಿವರ್ ಕೆಡಿಸಬಹುದು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಸಕ್ಕರೆ ತೀರಾ ಇಳಿಯಲೂಬಹುದು. "ಬಳ್ಳಿಯಿಂದಲೇ ಅಂತ ನೂರಕ್ಕೆ ನೂರು ಹೇಳಲಾರೆ. ನಿಲ್ಲಿಸಿ ನೋಡೋಣ" ಅಂದರು. ನಿಲ್ಲಿಸಿದೆ. ಕೆಲವು ವಾರಗಳಲ್ಲಿ ಕಣ್ಣು ಬೆಳ್ಳಗಾಯಿತು.

ನಿಮಗೆ ಏನು ಹೇಳಿದೆ? "ನೀರಿನ ದೋಷವಂತೆ ಅತ್ತೆ." ನಿಜ ಹೇಳಿದ್ದರೆ ನೀವು ಆ ಬೇವಿನ ಮರದ ಕಡೆ ತಲೆ ಎತ್ತಿ ನೋಡುತ್ತಿದ್ದಿರಾ... ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದ ಮರುದಿನವೇ ಮತ್ತೆ ಜೀರಿಗೆ ಘಮ, ಮತ್ತೆ ಅದೇ ಲೋಟ. ಅಯ್ಯೋ ಕರ್ಮವೇ! ನೀವು ಅತ್ತ ತಿರುಗಿದ್ದೇ ತಡ, ಬಚ್ಚಲ ಪಕ್ಕದ ದಾಸವಾಳದ ಬುಡಕ್ಕೆ ಸುರಿದೆ. "ಕುಡುದ್ಯಾ ಮಗಾ?" ಅಂದಿರಿ. ಹೂಂ ಅಂದೆ. ನೀವು ಇರುವತನಕ ದಿನಾ ಬೆಳಿಗ್ಗೆ ಇದೇ ಕಳ್ಳಾಟ.

ಹೋದ ವಾರ ಶೀಳನೆರೆಯಿಂದ ನಿಮ್ಮ ಮಗಳು ಜಯ ಬಂದಿದ್ದಳು. ಅವಳ ಮಗಳು ಸವಿತಾಗೂ ನನ್ನಂಥದ್ದೇ ಥೈರಾಯ್ಡಂತೆ, ಸೊರಗಿದ್ದಾಳಂತೆ. "ಅವ್ವನ ಬಳ್ಳೀಲಿ ಒಂದೆರಡು ತುಂಡು ಕೊಡು ಅತ್ಗೆ, ಕಾಯ್ಸಿ ಕೊಡ್ತೀನಿ" ಅಂತ ಮಚ್ಚು ಹಿಡಿದು ಮರದ ಹತ್ತಿರ ನಿಂತಳು. ಸತ್ತ ತಾಯಿಯ ಕೈಮದ್ದಿನ ಬಗ್ಗೆ ಮಗಳಿಗೆ ಹೇಗೆ ಹೇಳಲಿ? ಹೇಳದಿದ್ದರೆ ಆ ಹುಡುಗಿಯ ಗತಿ? ಮಚ್ಚು ಕಿತ್ತಿಟ್ಟು, ಎಲ್ಲಾ ಹೇಳಿದೆ. ದಾಸವಾಳದ ವಿಷಯವನ್ನೂ.

ಜಯ ಬಾವಿಕಟ್ಟೆಯ ಮೇಲೆ ಕೂತಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಅಳುತ್ತಾ ನಕ್ಕಳು.

"ಅತ್ಗೆ, ಅವ್ವುಂಗೆ ಗೊತ್ತಿತ್ತು ಕಣೆ. ಆ ನರ್ಸಮ್ಮ ವಾರ್ಡಿನ ಬಾಗ್ಲಲ್ಲೇ ಏಳ್ಬುಟ್ಟಿದ್ರಂತೆ. ಬಳ್ಳಿ ನಿಂಗೆ ಆಗಲ್ಲ ಅಂತ ಮಾತ್ರ ಅವ್ವ ನಂಗೆ ಏಳಿತ್ತು, ಥೈರಾಯ್ಡಿಗೆ ಅಂತ ಏಳ್ನಿಲ್ಲ. 'ನಂಗೆ ನೋವಾಗ್ಬಾರ್ದು ಅಂತ ನೀರಿನ್ ದೋಷ ಅಂದವ್ಳೆ ನನ್ ಸೊಸೆ. ನಾನ್ಯಾಕ್ ಅವ್ಳ ಮಾತ ಸುಳ್ಳು ಮಾಡ್ಲಿ? ಲೋಟುಕ್ಕೆ ಬರೀ ಜೀರ್ಗೆ ನೀರು ಆಕ್ಕೊಡ್ತೀನಿ, ಒಟ್ಟೆ ತಣ್ಣಗಿರ್ಲಿ' ಅಂತಿತ್ತು."

ಈಗ ಒಂದೊಂದೇ ನೆನಪಾಗುತ್ತಿದೆ. ಆಮೇಲಾಮೇಲೆ ಬಳ್ಳಿ ಕೇಳಿ ಬಂದವರನ್ನೆಲ್ಲ ಜಗುಲಿಯ ಮೇಲೆ ಕೂರಿಸಿಕೊಂಡು, "ಯಾವ್ ಮಾತ್ರೆ ನುಂಗ್ತೀಯಾ? ಮೊದ್ಲು ಡಾಕ್ಟ್ರ ಕೇಳ್ಬುಟ್ಟು ಬಾ" ಅನ್ನುತ್ತಿದ್ದಿರಿ. ಅತ್ತೆಗೂ ಡಾಕ್ಟರಿಕೆ ಹಿಡಿಯಿತು ಅಂತ ನಾನು ಆಡಿಕೊಂಡಿದ್ದೆ. ದಡ್ಡಿ ನಾನು.

ಬಳ್ಳಿಯನ್ನು ಕಡಿಸಿಲ್ಲ. ಸವಿತಾಳನ್ನು ಡಾಕ್ಟರಿಗೆ ತೋರಿಸಿದ್ದೇವೆ, ಕಷಾಯ ಕೊಟ್ಟಿಲ್ಲ. ಇನ್ನು ಮೇಲೆ ಜಗುಲಿಯ ಮೇಲೆ ನಿಮ್ಮ ಪ್ರಶ್ನೆಯನ್ನು ನಾನೇ ಕೇಳುತ್ತೇನೆ, ಯಾಕೆ ಕೇಳುತ್ತೇನೆ ಅನ್ನುವುದನ್ನೂ ಮುಚ್ಚಿಡದೆ ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಜೀರಿಗೆ ನೀರು ಕಾಯಿಸಿ, ಅದೇ ಸ್ಟೀಲ್ ಲೋಟಕ್ಕೆ ಹಾಕಿಕೊಂಡೆ. ದಾಸವಾಳದ ಪಕ್ಕದಲ್ಲೇ ನಿಂತು ಒಂದು ಹನಿ ಬಿಡದೆ ಕುಡಿದೆ ಅತ್ತೆ. ನೀವು ಕಾಯಿಸಿ ಕೊಟ್ಟ ಜೀರಿಗೆ ನೀರನ್ನು ಮಾತ್ರ ಒಂದು ದಿನವೂ ಕುಡಿಯಲಿಲ್ಲ.